ಗಾಳಿ ತುಂಬುವ ಪ್ಯಾಡಲ್‌ಬೋರ್ಡ್: ಸೋರಿಕೆ ಮುಚ್ಚಿ, ಕೊಂಡಿ ಅಂಟಿಸಿ, ಕುಂದಾಪುರದ ಹೊಳೆಗೆ

ಬೋರ್ಡು, ಅಂದರೆ ಮೇಲೆ ನಿಂತು ಹುಟ್ಟು ಹಾಕುವ ಗಾಳಿ ತುಂಬಿದ ಹಲಗೆ, ಸೆಕೆಂಡ್ ಹ್ಯಾಂಡ್. ಉದ್ದ 11 ಅಡಿ 6 ಇಂಚು, ಅಗಲ 32 ಇಂಚು, ದಪ್ಪ 6 ಇಂಚು. ‘ನಿಧಾನಕ್ಕೆ ಗಾಳಿ ಹೋಗತ್ತೆ’ ಅಂತ ಮಾರಿದವರು ಮೊದಲೇ ಹೇಳಿದ್ದರು, ಬೆಲೆಯನ್ನೂ ಅದಕ್ಕೆ ತಕ್ಕಂತೆ ಇಳಿಸಿದ್ದರು. ಒಂದೆರಡು ಗಂಟೆ ಕೆರೆಯಲ್ಲಿ ಸುತ್ತಾಡಿ ಬರುವವರಿಗೆ ಅಷ್ಟು ಸೋರಿಕೆ ತೊಂದರೆಯೇ ಅಲ್ಲ. ನನಗೆ ಬೇಕಾಗಿದ್ದು ಬೇರೆ. ಟೆಂಟು, ಅಕ್ಕಿ, ಸ್ಟವ್, ಕುಡಿಯುವ ನೀರು ಎಲ್ಲವನ್ನೂ ಅದೇ ಬೋರ್ಡಿನ ಮೇಲೆ ಹೇರಿಕೊಂಡು ಕುಂದಾಪುರದ ಪಂಚಗಂಗಾವಳಿ ಹಿನ್ನೀರಿನಲ್ಲಿ ಹುಟ್ಟು ಹಾಕುತ್ತಾ ಹೋಗಿ, ರಾತ್ರಿ ಅಲ್ಲೇ ಎಲ್ಲಾದರೂ ತಂಗಿ, ಮರುದಿನ ಮುಂದುವರಿಯಬೇಕು. ಹಾಗೆ ಹೋಗುವಾಗ ಬೋರ್ಡು ಆಟದ ಸಾಮಾನಾಗಿ ಉಳಿಯುವುದಿಲ್ಲ, ದೋಣಿಯಾಗುತ್ತದೆ. ದೋಣಿಗೆ ಕೊಡುವಷ್ಟೇ ಆರೈಕೆ ಅದಕ್ಕೂ ಬೇಕು. ಬೆಂಗಳೂರಿನ ಮನೆಯ ಟೆರೇಸಿನ ಮೇಲೆ ಅದಕ್ಕೆ ಏನೇನು ಮಾಡಿದೆ, ನೀರಿಗಿಳಿದ ಮೇಲೆ ಯಾವುದು ತಾಳಿತು, ಯಾವುದು ಇನ್ನೂ ಬಾಕಿ ಎನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಒಳಗೆ ಏನಿದೆ ಎಂದು ಗೊತ್ತಿದ್ದರೆ ರಿಪೇರಿ ಸಲೀಸು. ಮೇಲೊಂದು ಹಾಳೆ, ಕೆಳಗೊಂದು ಹಾಳೆ. ಎರಡೂ ಪಾಲಿಯೆಸ್ಟರ್ ನೇಯ್ಗೆಯ ಬಟ್ಟೆ, ಹೊರಗಡೆ ಪಿವಿಸಿ ಲೇಪ. ಈ ಎರಡು ಹಾಳೆಗಳನ್ನು ಸಾವಿರಾರು ಪಾಲಿಯೆಸ್ಟರ್ ಎಳೆಗಳು ಒಂದಕ್ಕೊಂದು ಹೊಲಿದು ಹಿಡಿದಿರುತ್ತವೆ. ಡ್ರಾಪ್ ಸ್ಟಿಚ್ ಎನ್ನುವುದು ಇದನ್ನೇ. ಗಾಳಿ ತುಂಬಿದಾಗ ಹಾಳೆಗಳು ಉಬ್ಬಿ ಉರುಟಾಗಲು ನೋಡುತ್ತವೆ, ಎಳೆಗಳು ಬಿಡುವುದಿಲ್ಲ. ಅದರಿಂದಾಗಿ ಬೋರ್ಡು ಚಪ್ಪಟೆಯಾಗಿ, ನಿಂತರೆ ಬಾಗದಷ್ಟು ಬಿಗಿಯಾಗಿ ನಿಲ್ಲುತ್ತದೆ. ಆದರೆ ಸುತ್ತಲಿನ ಅಂಚಿನಲ್ಲಿ ಈ ಎಳೆಗಳಿಲ್ಲ. ಅಲ್ಲಿ ಬೇರೆ ಪಿವಿಸಿ ಪಟ್ಟಿಯನ್ನು ಸುತ್ತಲೂ ಅಂಟಿಸಿ ಪೆಟ್ಟಿಗೆ ಮುಚ್ಚಿರುತ್ತಾರೆ. ಹಾಗಾಗಿ ಮುಳ್ಳೋ ಗಾಜೋ ಚುಚ್ಚಿದ ತೂತು ಇಲ್ಲದಿದ್ದರೆ, ಸೋರಿಕೆಯನ್ನು ಹುಡುಕಬೇಕಾದ ಜಾಗ ಎರಡೇ: ವಾಲ್ವಿನ ಸುತ್ತ ಮತ್ತು ಅಂಚಿನ ಪಟ್ಟಿಯ ಜೋಡಣೆ.

ಸೋರಿಕೆ ಎಷ್ಟು, ಚಳಿ ಎಷ್ಟು

ಸಂಜೆ 15 ಪಿಎಸ್‌ಐಗೆ (ಚದರ ಇಂಚಿಗೆ ಇಷ್ಟು ಪೌಂಡ್ ಎನ್ನುವ ಒತ್ತಡದ ಅಳತೆ) ಗಾಳಿ ತುಂಬಿ ಟೆರೇಸಿನ ಮೇಲಿನ ಕೋಣೆಯಲ್ಲಿ ಬಿಟ್ಟೆ. ಬೆಳಿಗ್ಗೆ ಗೇಜು ಇಟ್ಟರೆ 11. ನಾಲ್ಕು ಪಿಎಸ್‌ಐ ಹೋಯಿತು ಎಂದು ನೇರವಾಗಿ ತೀರ್ಮಾನಿಸುವಂತಿಲ್ಲ, ಏಕೆಂದರೆ ರಾತ್ರಿಯ ಚಳಿಗೂ ಒತ್ತಡ ಇಳಿಯುತ್ತದೆ. ಬೆಂಗಳೂರಿನ ಎತ್ತರದಲ್ಲಿ ವಾತಾವರಣದ ಒತ್ತಡ ಸುಮಾರು 13 ಪಿಎಸ್‌ಐ. ಗೇಜಿನ 15 ಅದಕ್ಕೆ ಸೇರಿದರೆ ಒಳಗಿರುವುದು 28. ಸಂಜೆ 28 ಡಿಗ್ರಿ ಸೆಲ್ಸಿಯಸ್ ಇದ್ದದ್ದು ಬೆಳಿಗ್ಗೆ 18ಕ್ಕೆ ಇಳಿದಿತ್ತು. ಕೆಲ್ವಿನ್ ಲೆಕ್ಕದಲ್ಲಿ 301ರಿಂದ 291. ಅಂದರೆ ನೂರಕ್ಕೆ ಮೂರು ಪಾಲಿಗಿಂತ ಸ್ವಲ್ಪ ಹೆಚ್ಚು ಇಳಿಕೆ, 28ರಲ್ಲಿ ಹತ್ತಿರ ಹತ್ತಿರ ಒಂದು ಪಿಎಸ್‌ಐ. ಉಳಿದ ಮೂರು ಮಾತ್ರ ನಿಜವಾದ ಸೋರಿಕೆ. ಈ ಲೆಕ್ಕ ಹಾಕದೆ ಒಳ್ಳೆಯ ಬೋರ್ಡನ್ನೂ ‘ಲೀಕ್ ಇದೆ’ ಎಂದು ವಾಪಸ್ ಕಳಿಸಿದವರನ್ನು ನೋಡಿದ್ದೇನೆ. ಪರೀಕ್ಷೆ ಮಾಡುವುದಾದರೆ ಒಂದು ಬೆಳಿಗ್ಗೆಯಿಂದ ಇನ್ನೊಂದು ಬೆಳಿಗ್ಗೆಗೆ, ಒಂದೇ ಹೊತ್ತಿನಲ್ಲಿ ಅಳೆಯುವುದು ಒಳ್ಳೆಯದು. ಆಗ ಬಿಸಿ-ತಂಪಿನ ಗೊಂದಲವೇ ಇರುವುದಿಲ್ಲ.

ಮುಂದಿನದು ಸೋಪು ನೀರು. ಪಾತ್ರೆ ತೊಳೆಯುವ ಲಿಕ್ವಿಡನ್ನು ನೀರಿಗೆ ಸ್ವಲ್ಪ ಗಟ್ಟಿಯಾಗಿಯೇ ಬೆರೆಸಿ, ಗಿಡಕ್ಕೆ ಔಷಧಿ ಹೊಡೆಯುವ ಚಿಕ್ಕ ಸ್ಪ್ರೇ ಬಾಟಲಿಯಲ್ಲಿ ತುಂಬಿ, ಬೋರ್ಡಿನ ಸುತ್ತಲೂ ಸಿಂಪಡಿಸುತ್ತಾ ಹೋದೆ. ಇದಕ್ಕೆ ಆತುರ ಸಲ್ಲದು. ದೊಡ್ಡ ತೂತಾದರೆ ಗುಳ್ಳೆ ತಕ್ಷಣ ಏಳುತ್ತದೆ. ಸಣ್ಣ ಸೋರಿಕೆಗೆ ಒಂದೆರಡು ನಿಮಿಷ ಕಣ್ಣಿಟ್ಟು ಕೂರಬೇಕು. ವಾಲ್ವಿನ ಒಳಗಡೆ ಒಂದು ಗುಳ್ಳೆ ಮೆಲ್ಲಗೆ ಉಬ್ಬಿ ಒಡೆಯಿತು, ಮತ್ತೆ ಉಬ್ಬಿತು. ಎರಡನೆಯದು ಸಿಕ್ಕಿದ್ದು ಹಿಂಬದಿಯ ಬಲ ಅಂಚಿನಲ್ಲಿ, ಅಂಚುಪಟ್ಟಿಯ ಒಂದು ತುದಿ ಇನ್ನೊಂದರ ಮೇಲೆ ಬಂದು ಕೂರುವ ಕಡೆ. ಅಲ್ಲಿ ಗುಳ್ಳೆ ಎನ್ನುವಂಥದ್ದೇನೂ ಇಲ್ಲ. ಎರಡು ಬೆರಳಗಲದ ಗೆರೆಯುದ್ದಕ್ಕೂ ಬಿಳಿ ನೊರೆ ಸಣ್ಣಗೆ ಸಾಲು ಕಟ್ಟಿತು. ಉಗುರಿನಿಂದ ತಡಕಿದರೆ ಪಟ್ಟಿಯ ಅಂಚು ಎದ್ದಿರುವುದು ತಿಳಿಯುತ್ತಿತ್ತು. ಮಾರ್ಕರ್‌ನಲ್ಲಿ ಸುತ್ತ ಗುರುತು ಹಾಕಿ, ಸೋಪು ಒರೆಸಿ, ಗಾಳಿ ಪೂರ್ತಿ ಬಿಟ್ಟೆ.

ವಾಲ್ವು ಸುಲಭದ ಕೆಲಸ. ಈ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಇರುವುದು ಹಾಲ್ಕಿ-ರಾಬರ್ಟ್ಸ್ ಮಾದರಿಯ ವಾಲ್ವು. ನಡುವಿನ ಕಡ್ಡಿ ಒತ್ತಿ ತಿರುಗಿಸಿದರೆ ಕೆಳಗೆ ನಿಂತು ಗಾಳಿ ಹೊರಬಿಡುತ್ತದೆ. ಇನ್ನೊಮ್ಮೆ ಒತ್ತಿ ತಿರುಗಿಸಿದರೆ ಮೇಲೆದ್ದು ಮುಚ್ಚಿಕೊಳ್ಳುತ್ತದೆ. ಬೋರ್ಡಿನ ಜೊತೆ ಬರುವ ಪ್ಲಾಸ್ಟಿಕ್ ವ್ರೆಂಚನ್ನು ವಾಲ್ವಿನೊಳಗೆ ಕೂರಿಸಿ, ಬೋರ್ಡಿನ ಒಳಗಿರುವ ಅದರ ಜೋಡಿ ಬಿಲ್ಲೆಯನ್ನು ಬಟ್ಟೆಯ ಹೊರಗಿನಿಂದಲೇ ಇನ್ನೊಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದು ಬಿಚ್ಚಬೇಕು. ಹಾಗೆ ಹಿಡಿಯದಿದ್ದರೆ ಎರಡೂ ಒಟ್ಟಿಗೆ ತಿರುಗುತ್ತವೆ, ಏನೂ ಬಿಚ್ಚುವುದಿಲ್ಲ. ಬಿಚ್ಚಿ ನೋಡಿದರೆ ಒಳಗಿನ ರಬ್ಬರ್ ಬಿಲ್ಲೆಯ ಅಂಚಿಗೆ ಮರಳಿನ ನಾಲ್ಕಾರು ಕಣ ಅಂಟಿಕೊಂಡಿದ್ದವು. ಗಾಳಿ ಹೋಗಲು ಅಷ್ಟು ಸಾಕು. ಸಿಹಿನೀರಿನಲ್ಲಿ ತೊಳೆದು, ಹತ್ತಿ ಕಡ್ಡಿಯಿಂದ ಸಂದಿ ಒರೆಸಿ, ಒಣಗಿಸಿ, ಮತ್ತೆ ಕೂರಿಸಿ ಬಿಗಿ ಮಾಡಿದೆ. ಅಂದಿನಿಂದ ಮರಳಿನ ಮೇಲೆ ಪಂಪು ಬಿಚ್ಚುವಾಗಲೆಲ್ಲ ಮೊದಲು ವಾಲ್ವಿನ ಬಾಯಿ ಒರೆಸುವುದು ರೂಢಿಯಾಗಿದೆ.

ಅಂಟು

ಅಂಚಿನ ಸೋರಿಕೆಯೇ ನಿಜವಾದ ಕೆಲಸ. ಈ ರಿಪೇರಿಯಲ್ಲಿ ಗೆಲ್ಲುವುದು ಸೋಲುವುದು ಮುಖ್ಯವಾಗಿ ಎರಡು ವಿಷಯಗಳಲ್ಲಿ: ಯಾವ ಅಂಟು, ಎಂಥ ಹವೆ.

ಜೆ.ಸಿ. ರಸ್ತೆಯಲ್ಲಿ ಕಾರಿನ ಸೀಟ್ ಕವರ್ ಹೊಲಿಯುವವರ ಸಾಲಿನಲ್ಲಿ ಪಿವಿಸಿ ಬಟ್ಟೆಯ ತುಂಡು ಹುಡುಕಿಕೊಂಡು ಹೋದೆ. ಅಂಗಡಿಯವರು ‘ಟಾರ್ಪಾಲಿನ್ನಿಗಾ ಸಾರ್?’ ಎಂದು ಕೇಳಿ ಹಳದಿ ಬಣ್ಣದ ರಬ್ಬರ್ ಗಮ್ಮಿನ ಡಬ್ಬಿಯನ್ನೂ ತೆಗೆದಿಟ್ಟರು. ಸೋಫಾ, ರೆಕ್ಸಿನ್, ಲ್ಯಾಮಿನೇಟ್ ಕೆಲಸಕ್ಕೆ ಆ ಗಮ್ಮು ಚೆನ್ನಾಗಿಯೇ ಹಿಡಿಯುತ್ತದೆ. ಮೆತ್ತನೆಯ ಪಿವಿಸಿಗೆ ಮಾತ್ರ ಸಲ್ಲದು. ಪಿವಿಸಿ ಮೆತ್ತಗಿರಲು ಅದರಲ್ಲಿ ಪ್ಲಾಸ್ಟಿಸೈಸರ್ ಎಂಬ ಎಣ್ಣೆಯಂಥ ರಾಸಾಯನಿಕ ಬೆರೆಸಿರುತ್ತಾರೆ. ಅದು ಮೆಲ್ಲಮೆಲ್ಲನೆ ಗಮ್ಮಿಗೆ ಇಳಿದು ಗಮ್ಮನ್ನೇ ಮೆತ್ತಗೆ ಮಾಡುತ್ತದೆ. ಅಂಟಿಸಿದ ದಿನ ಕೈಯಲ್ಲಿ ಎಳೆದರೂ ಬಾರದ ತೇಪೆ ಕೆಲವು ವಾರಗಳ ಮೇಲೆ ಬಿಸಿಲಿನಲ್ಲಿ ಜಾರಿ ಬರುವುದು ಇದರಿಂದಲೇ. ಕ್ಷಣದಲ್ಲಿ ಹಿಡಿಯುವ ಸೂಪರ್ ಗ್ಲೂ ಇನ್ನೂ ಬೇಡ. ಒಣಗಿದ ಮೇಲೆ ಗಾಜಿನಂತೆ ಗಟ್ಟಿಯಾಗಿ, ಬೋರ್ಡು ಸುತ್ತಿದ ಕೂಡಲೇ ಬಿರುಕು ಬಿಡುತ್ತದೆ.

ಬೇಕಾದದ್ದು ಎರಡು ಭಾಗದ ಪಾಲಿಯುರಿಥೇನ್ ಅಂಟು. ಚಪ್ಪಲಿ, ಶೂ ತಯಾರಿಸುವವರಿಗೆ ಸಾಮಾನು ಮಾರುವ ಅಂಗಡಿಗಳಲ್ಲಿ ಪಿಯು ಗಮ್ ಎಂದರೆ ಕೊಡುತ್ತಾರೆ, ಅದನ್ನು ಗಟ್ಟಿ ಮಾಡುವ ಹಾರ್ಡ್‌ನರ್ ಬೇರೆ ಸಣ್ಣ ಬಾಟಲಿಯಲ್ಲಿ. ನಾನು ತಂದದ್ದರ ಡಬ್ಬಿಯ ಮೇಲೆ ನೂರು ಗ್ರಾಂಗೆ ಐದು ಗ್ರಾಂ ಎಂದಿತ್ತು. ಬಂಗಾರದಂಗಡಿಯ ಮಾದರಿಯ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿಯೇ ಬೆರೆಸಿದೆ. ಹಾರ್ಡ್‌ನರ್ ಐಸೋಸಯನೇಟ್ ಜಾತಿಯದು, ಉಸಿರಿಗೆ ಒಳ್ಳೆಯದಲ್ಲ. ಒರೆಸಲು ಬಳಸುವ ಎಂಇಕೆ ದ್ರಾವಕ ಬೇಗ ಹೊತ್ತಿಕೊಳ್ಳುತ್ತದೆ. ಆದ್ದರಿಂದ ನೈಟ್ರೈಲ್ ಗ್ಲೌಸು, ಪೇಂಟ್ ಹೊಡೆಯುವವರು ಹಾಕುವ ಇದ್ದಿಲು ಫಿಲ್ಟರಿನ ಮಾಸ್ಕು, ತೆರೆದ ಜಾಗ, ಹತ್ತಿರದಲ್ಲಿ ಬೆಂಕಿ ಇರಕೂಡದು. ಇದರಲ್ಲಿ ರಿಯಾಯಿತಿ ಇಲ್ಲ.

ಹವೆಯ ಮಾತು. ಅಂಟಿನ ದ್ರಾವಕ ಆರುವಾಗ ಹಚ್ಚಿದ ಮೇಲ್ಮೈ ತಂಪಾಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಆ ತಂಪಿನ ಮೇಲೆ ಕಣ್ಣಿಗೆ ಕಾಣದಷ್ಟು ನೀರು ಕೂರುತ್ತದೆ, ಅಂಟು ಮಂಕಾಗಿ ಬಿಳಿಚುತ್ತದೆ, ಹಿಡಿತ ಹೋಗುತ್ತದೆ. ಸಾಲದ್ದಕ್ಕೆ ಹಾರ್ಡ್‌ನರ್ ಅಂಟಿನ ಬದಲು ಆ ನೀರಿನ ಜೊತೆಗೇ ಸೇರಿ ಮುಗಿದುಹೋಗುತ್ತದೆ. ಗಾಳಿಯ ತೇವ ನೂರಕ್ಕೆ 60 ದಾಟಿದ್ದರೆ ಈ ಕೆಲಸಕ್ಕೆ ಕೈ ಹಾಕದಿರುವುದು ಲೇಸು. ಕರಾವಳಿಯಲ್ಲಿ ವರ್ಷದ ಹೆಚ್ಚಿನ ದಿನ, ಅದರಲ್ಲೂ ಬೆಳಗು ಸಂಜೆ, ಅಂಥ ಒಣ ಹವೆ ಸಿಗುವುದು ಕಷ್ಟ. ಬೆಂಗಳೂರಿನ ಜನವರಿ, ಫೆಬ್ರವರಿಯ ಮಧ್ಯಾಹ್ನ ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ‘ಊರಿಗೆ ಹೋಗಿ ನಿಧಾನಕ್ಕೆ ಅಂಟಿಸಿದರಾಯಿತು’ ಎನ್ನುವವರಿಗೆ ನಾನು ಒತ್ತಿ ಹೇಳುವುದು ಇದನ್ನೇ: ತೇಪೆ ಘಟ್ಟದ ಮೇಲೆಯೇ ಹಾಕಿ, ಗಟ್ಟಿಯಾದ ಮೇಲೆ ಘಟ್ಟ ಇಳಿಯಿರಿ.

ಬೋರ್ಡಿಗೆ ಹಚ್ಚುವ ಮೊದಲು ಪರೀಕ್ಷೆಯ ತುಂಡು. ತಂದ ಪಿವಿಸಿ ಬಟ್ಟೆಯ ಎರಡು ಪಟ್ಟಿ ಕತ್ತರಿಸಿ, ಉಜ್ಜಿ, ಒರೆಸಿ, ಅಂಟಿಸಿ, ಮರುದಿನ ಇಕ್ಕುಳದಲ್ಲಿ ಹಿಡಿದು ಎಳೆದೆ. ಅಂಟು ಬಿಡಲಿಲ್ಲ, ಪಿವಿಸಿ ಲೇಪವೇ ಸಿಪ್ಪೆಯಂತೆ ಕಿತ್ತು ಬಂದು ಕೆಳಗಿನ ಬಿಳಿ ನೇಯ್ಗೆ ಕಾಣಿಸಿತು. ನೋಡಬೇಕಾದದ್ದು ಇದನ್ನೇ. ಎರಡು ಪಟ್ಟಿ ನುಣ್ಣಗೆ ಬೇರೆಯಾಗಿ ಅಂಟು ಒಂದೇ ಕಡೆ ಉಳಿದರೆ ಎಲ್ಲೋ ತಪ್ಪಿದೆ ಎಂದೇ ಅರ್ಥ, ಬೋರ್ಡು ಮುಟ್ಟಬಾರದು.

ಎದ್ದ ಅಂಚನ್ನು ಹೇರ್ ಡ್ರೈಯರ್‌ನಲ್ಲಿ ಬೆಚ್ಚಗೆ ಮಾಡಿ, ಮೊಂಡು ಚಾಕುವಿನ ಬೆನ್ನಿನಿಂದ ಗಟ್ಟಿ ಹಿಡಿದಿರುವ ಕಡೆಯವರೆಗೂ ಬಿಡಿಸಿದೆ. ಹಳೆಯ ಅಂಟು ಹಳದಿಯಾಗಿ ಪುಡಿಪುಡಿ ಉದುರುತ್ತಿತ್ತು. ಅದನ್ನೆಲ್ಲ ತೆಗೆಯದೆ ಹೊಸದು ಹಿಡಿಯುವುದಿಲ್ಲ. 180 ನಂಬರಿನ ಸ್ಯಾಂಡ್‌ಪೇಪರಿನಿಂದ ಹೊಳಪು ಹೋಗುವಷ್ಟೇ ಉಜ್ಜಿ, ಎಂಇಕೆ ಅದ್ದಿದ ಬಿಳಿ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಿದೆ. ಅತ್ತಿತ್ತ ತಿಕ್ಕಿದರೆ ಕೊಳೆ ಅಲ್ಲೇ ಹರಡುತ್ತದೆ. ಬ್ರಷ್ಷಿನ ಕೂದಲನ್ನು ಅರ್ಧಕ್ಕೆ ಕತ್ತರಿಸಿ ಗಿಡ್ಡ ಮಾಡಿಕೊಂಡರೆ ಪಟ್ಟಿಯ ಒಳಸಂದಿಗೂ ಅಂಟು ಮುಟ್ಟಿಸಬಹುದು. ಎರಡೂ ಕಡೆಗೆ ತೆಳ್ಳಗೆ ಒಂದು ಕೈ ಹಚ್ಚಿ, ಬೆರಳು ತಾಗಿಸಿದರೆ ಅಂಟಿಯೂ ಅಂಟದಂತಾಗುವವರೆಗೆ ಕಾದು, ಎರಡನೇ ಕೈ. ಅದೂ ಹಾಗೆಯೇ ಆರಿದ ಮೇಲೆ ಹೇರ್ ಡ್ರೈಯರ್ ಹಿಡಿದು ಮತ್ತೆ ಜಿಗುಟು ತಂದು, ಒಳಗಿನಿಂದ ಹೊರಕ್ಕೆ ಒತ್ತುತ್ತಾ ಕೂರಿಸಿದೆ. ಒತ್ತಲು ಸ್ಟೀಲ್ ಚಮಚದ ಬೆನ್ನು ಸಾಕಾಯಿತು. ಗಾಳಿ ಗುಳ್ಳೆ ಒಳಗೆ ಉಳಿದರೆ ಮುಂದೆ ಅದೇ ಸೋರಿಕೆಗೆ ದಾರಿ, ಆದ್ದರಿಂದ ತೋಳು ಸೋಲುವವರೆಗೆ ಒತ್ತಿದೆ. ಮೇಲಿನಿಂದ ಮೂಲೆಗಳನ್ನು ಗುಂಡಗೆ ಕತ್ತರಿಸಿದ ಉದ್ದನೆಯ ತೇಪೆ, ಸೋರುತ್ತಿದ್ದ ಗೆರೆಯಿಂದ ಎಲ್ಲ ಕಡೆಗೂ ಐದು ಸೆಂಟಿಮೀಟರ್ ಮುಂದಕ್ಕೆ ಬರುವಂತೆ. ಚೂಪು ಮೂಲೆ ಇದ್ದರೆ ಚೀಲಕ್ಕೆ ತುರುಕುವಾಗ ಮೊದಲು ಏಳುವುದು ಅದೇ.

ಇದೆಲ್ಲ ನಡೆಯುವಾಗ ಬೋರ್ಡಿನಲ್ಲಿ ಗಾಳಿ ಇರಕೂಡದು, ವಾಲ್ವು ತೆರೆದಿರಬೇಕು. ಒಳಗೆ ಚೂರು ಗಾಳಿ ಉಳಿದರೂ ಹಸಿ ಅಂಟಿನ ಮೂಲಕ ದಾರಿ ಮಾಡಿಕೊಂಡು ಹೊರಗೆ ಬರುತ್ತದೆ. ಮೇಲೆ ಪ್ಲೈವುಡ್ ತುಂಡು, ಅದರ ಮೇಲೆ ನೀರು ತುಂಬಿದ 20 ಲೀಟರ್ ಕ್ಯಾನು ಇಟ್ಟೆ. 24 ಗಂಟೆಗೆ ಅಂಟು ಕೈಗೆ ಗಟ್ಟಿಯಾಗುತ್ತದೆ. ಪೂರ್ತಿ ಒತ್ತಡ ಕೊಡಲು ನಾನು ಮೂರು ದಿನ ಬಿಟ್ಟೆ.

ಕೊಂಡಿಗಳು, ಹೊರೆ

ಬೋರ್ಡಿನ ಮುಂಭಾಗದಲ್ಲಿ ನಾಲ್ಕು ಡಿ-ರಿಂಗ್ (ಇಂಗ್ಲಿಷಿನ D ಆಕಾರದ ಕೊಂಡಿ), ಅವಕ್ಕೊಂದು ಎಲಾಸ್ಟಿಕ್ ಹಗ್ಗ ಇದ್ದವು. ಚಪ್ಪಲಿ, ನೀರಿನ ಬಾಟಲಿ ಸಿಕ್ಕಿಸಲು ಸಾಕು. ಟೆಂಟಿನ ಚೀಲವನ್ನು ಎಲಾಸ್ಟಿಕ್ ಹಿಡಿಯುವುದಿಲ್ಲ. ಬೋರ್ಡು ಮಗುಚಿದರೆ ಹಿಗ್ಗಿ ಬಿಟ್ಟುಬಿಡುತ್ತದೆ. ನಿಲ್ಲುವ ಜಾಗದ ಮುಂದೆ ಎರಡು, ಹಿಂದೆ ಎರಡು ಹೊಸ ಕೊಂಡಿ ಅಂಟಿಸಿದೆ. ರಿಂಗು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲು. ಉಪ್ಪುನೀರಿಗೆ 304 ದರ್ಜೆಯದು ಬೇಗ ಕಲೆ ಹಿಡಿಯುತ್ತದೆ. ರಿಂಗು ಹಿಡಿದಿರುವ ಪಿವಿಸಿ ಬಿಲ್ಲೆ ಅಂಗೈಯಗಲದ್ದು.

ಇಲ್ಲಿ ತಿಳಿದಿರಬೇಕಾದ ಒಂದು ಸೂಕ್ಷ್ಮ ಇದೆ. ಅಂಟಿಸಿದ ಬಿಲ್ಲೆಯನ್ನು ಬೋರ್ಡಿಗೆ ಸಮಾಂತರವಾಗಿ ಎಳೆದರೆ ಇಡೀ ಬಿಲ್ಲೆಯ ಅಂಟು ಒಟ್ಟಿಗೆ ತಡೆಯುತ್ತದೆ. ಮೇಲಕ್ಕೆ ಎಳೆದರೆ ಭಾರವೆಲ್ಲ ಒಂದು ಅಂಚಿನ ಮೇಲೆ ಬಿದ್ದು ಬಿಲ್ಲೆ ಸುಲಿದು ಬರುತ್ತದೆ. ಹಾಗಾಗಿ ಕೊಂಡಿಯನ್ನು ಹೊರೆಗೆ ತಾಗಿಸಿ ಇಡಬಾರದು. ಹೊರೆಯ ಬದಿಯಿಂದ ಒಂದು ಗೇಣು ಆಚೆ, ಅಂಚಿನ ಕಡೆಗೆ ಇಟ್ಟರೆ ಪಟ್ಟಿ ಓರೆಯಾಗಿ, ತಗ್ಗಾಗಿ ಬಂದು ಎಳೆತ ಅಡ್ಡಕ್ಕೆ ಬೀಳುತ್ತದೆ. ಅಂಟಿಸುವ ಮೊದಲು ಗಾಳಿ ತುಂಬಿದ ಬೋರ್ಡಿನ ಮೇಲೆ ಚೀಲಗಳನ್ನು ಇಟ್ಟು, ಹಗ್ಗ ಹಿಡಿದು ನೋಡಿಯೇ ಜಾಗ ಗುರುತು ಮಾಡಿದೆ. ಕಟ್ಟಲು ಎಲಾಸ್ಟಿಕ್ ಬದಲು ಒಂದಿಂಚಿನ ನೈಲಾನ್ ಪಟ್ಟಿ, ಒತ್ತಿದರೆ ಬಿಚ್ಚುವ ಬಕಲ್ಲು. ಬ್ಯಾಗ್ ರಿಪೇರಿ ಮಾಡುವವರು ಹೇಳಿದ ಉದ್ದಕ್ಕೆ ಹೊಲಿದು ಕೊಟ್ಟರು.

ಹೊರೆ ಹಂಚುವ ಕ್ರಮ ಹೀಗೆ. ನೀರಿನ ಕ್ಯಾನು ಎಲ್ಲಕ್ಕಿಂತ ಭಾರ, ಅದು ಕಾಲಿನ ಹತ್ತಿರ, ನಡುಗೆರೆಯ ಮೇಲೆ. ಸ್ಟವ್, ಪಾತ್ರೆ, ಅಕ್ಕಿ ಅದರ ಪಕ್ಕದ ಡ್ರೈ ಬ್ಯಾಗಿನಲ್ಲಿ, ಅಂದರೆ ನೀರು ಒಳಹೋಗದ ಚೀಲದಲ್ಲಿ. ಟೆಂಟು, ಬಟ್ಟೆ ಹಗುರ, ಅವು ಮೂತಿಯ ಕಡೆ. ಹಿಂದೆ ಪಂಪು, ರಿಪೇರಿ ಡಬ್ಬಿ. ಹೊರೆ ಎತ್ತರಕ್ಕೆ ಹೋದಷ್ಟೂ ಬೋರ್ಡು ಓಲಾಡುತ್ತದೆ, ಗಾಳಿಗೂ ಸಿಕ್ಕಿಕೊಳ್ಳುತ್ತದೆ. ಮೊಣಕಾಲಿಗಿಂತ ಎತ್ತರ ಏನನ್ನೂ ಇಡಲಿಲ್ಲ. ಬೋರ್ಡಿನ ಗಾತ್ರ ಸುಮಾರು 320 ಲೀಟರ್. ಹಾಗೆಂದು 320 ಕಿಲೋ ಹೇರುವಂತಿಲ್ಲ. ಅಂಚು ನೀರಿನಿಂದ ಚೆನ್ನಾಗಿ ಮೇಲೆ ಇದ್ದರೆ ಮಾತ್ರ ನಿಂತು ಹುಟ್ಟು ಹಾಕಬಹುದು. ನಾನು ಮತ್ತು ಸಾಮಾನು ಸೇರಿ ನೂರು ಕಿಲೋ ದಾಟದಂತೆ ನೋಡಿಕೊಂಡೆ.

ಪಂಪಿನ ಬಗ್ಗೆ ಒಂದು ಲೆಕ್ಕ. 320 ಲೀಟರ್ ಜಾಗಕ್ಕೆ 15 ಪಿಎಸ್‌ಐ ತುಂಬಲು ಹೊರಗಿನಿಂದ ಒಟ್ಟು ಸುಮಾರು 650 ಲೀಟರ್ ಗಾಳಿ ಬೇಕು: ಮೊದಲರ್ಧ ಆಕಾರ ಬರಲು, ಉಳಿದರ್ಧ ಬಿಗಿ ಬರಲು. ಕಾರಿನ ಟಯರಿಗೆ ಗಾಳಿ ತುಂಬುವ ಸಣ್ಣ ಯಂತ್ರ ಒತ್ತಡವನ್ನೇನೋ ಕೊಡುತ್ತದೆ, ಆದರೆ ನಿಮಿಷಕ್ಕೆ ಮೂವತ್ತು ಲೀಟರ್ ತಳ್ಳುವಂಥದ್ದಾದರೆ ಇಪ್ಪತ್ತು ನಿಮಿಷಕ್ಕೂ ಮೀರಿ ಬಿಡದೆ ಓಡಿ ಕಾದುಹೋಗುತ್ತದೆ. ಕೈಪಂಪು ನನಗೆ ಇಷ್ಟ. ಮೊದಲು ಎಳೆದಾಗಲೂ ಒತ್ತಿದಾಗಲೂ ಗಾಳಿ ಹೋಗುವಂತೆ, ಏಳೆಂಟು ಪಿಎಸ್‌ಐ ಆದ ಮೇಲೆ ಬಿರಡೆ ತೆಗೆದು ಒತ್ತಿದಾಗ ಮಾತ್ರ. ಕೊನೆಯ ಐದು ಪಿಎಸ್‌ಐಗೆ ತೋಳಿಗಿಂತ ಮೈಭಾರ ಹಾಕಬೇಕು.

ರೈಲು

ಬೆಂಗಳೂರಿನಿಂದ ಸಂಜೆ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಕುಂದಾಪುರ. ಆ ಹೆಸರು ಬಂದಿರುವುದೇ ಕುಂದಾಪುರದ ಹತ್ತಿರ ಒಂದಾಗಿ ಸಮುದ್ರ ಸೇರುವ ಐದು ಹೊಳೆಗಳಿಂದ. ಸ್ಲೀಪರಿನಲ್ಲಿ 40 ಕಿಲೋ ಸಾಮಾನಿಗೆ ಅವಕಾಶವಿದೆ, ಬೋರ್ಡು, ಹುಟ್ಟು, ಪಂಪು ಸೇರಿ ಅದರ ಅರ್ಧಕ್ಕೂ ಕಡಿಮೆ. ಬೋರ್ಡನ್ನು ಮೂತಿಯ ಕಡೆಯಿಂದ ಸುತ್ತುತ್ತಾ ಬಾಲದ ವಾಲ್ವಿನ ಕಡೆ ಬಂದರೆ ಗಾಳಿಯೆಲ್ಲ ಹೊರಟು ಸುರುಳಿ ಚಿಕ್ಕದಾಗುತ್ತದೆ, ಕೆಳಗಿನ ಬರ್ತಿನ ಅಡಿಗೆ ಹೋಗುತ್ತದೆ. ಮೂಡ್ಲಕಟ್ಟೆಯ ಸ್ಟೇಷನ್ನಿನಿಂದ ರಿಕ್ಷಾ ಹಿಡಿದು ಹೆಮ್ಮಾಡಿಯ ಭಾವನ ಮನೆಗೆ. ಸೇವಂತಿಗೆಗೆ ಹೆಸರಾದ ಊರು. ಮಕರ ಸಂಕ್ರಾಂತಿಯ ಹೊತ್ತಿಗೆ ಮಾರಣಕಟ್ಟೆ ಜಾತ್ರೆಗೆ ಇಲ್ಲಿಂದಲೇ ಹೂವು ಹೋಗುತ್ತದೆ.

ನೀರಿನ ಮೇಲೆ

ಮುಲ್ಕಿಯ ಶಾಂಭವಿ ಹೊಳೆ, ಸಸಿಹಿತ್ಲು ಕಡಲತೀರದ ಕಡೆ ನಿಂತು ಹುಟ್ಟು ಹಾಕುವವರು ಈಗ ಹೊಸಬರಲ್ಲ. 2024ರ ಮಾರ್ಚ್‌ನಲ್ಲಿ ಸಸಿಹಿತ್ಲಿನಲ್ಲಿ ಇದರ ಅಂತರರಾಷ್ಟ್ರೀಯ ಸ್ಪರ್ಧೆಯೂ ನಡೆಯಿತು. ಅವರ ರೇಸಿನ ಬೋರ್ಡುಗಳು ಗಟ್ಟಿ ಮೈಯವು, ಉದ್ದ, ಕಿರಿದು. ಗಾಳಿಬೋರ್ಡಿನಲ್ಲಿ ಆ ವೇಗ ಇಲ್ಲ. ಅದರ ಗುಣ ಹೆಗಲಿಗೇರುವುದರಲ್ಲಿ, ಹೊರೆ ಹೊರುವುದರಲ್ಲಿ ಇದೆ.

ಹಿನ್ನೀರಿನಲ್ಲಿ ದಿನದ ವೇಳಾಪಟ್ಟಿ ಬರೆಯುವುದು ಉಬ್ಬರ, ಇಳಿತ ಮತ್ತು ಗಾಳಿ. ಚಳಿಗಾಲದ ಬೆಳಿಗ್ಗೆ ಮೂಡುಗಾಳಿ ಮೆಲ್ಲಗೆ ಸಮುದ್ರದ ಕಡೆ ಬೀಸುತ್ತದೆ, ಮಧ್ಯಾಹ್ನದ ಮೇಲೆ ಪಡುಗಾಳಿ ಜೋರು. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಸೆಳೆತ ಹೆಚ್ಚು. ನಾವು ಬೆಳಿಗ್ಗೆ ಏರುವ ನೀರಿನ ಜೊತೆ ಒಳನಾಡಿನ ಕಡೆಗೆ ಹೋಗಿ, ಬಿಸಿಲು ಏರುವ ಮೊದಲೇ ದಡ ಸೇರುವಂತೆ ಲೆಕ್ಕ ಹಾಕಿದ್ದೆವು. ಭಾವ ತನ್ನ ಹಳೆಯ ದೋಣಿಯಲ್ಲಿ ಜೊತೆಗೆ. ಗಂಗೊಳ್ಳಿಯ ಅಳಿವೆಯ ಕಡೆಗೆ ಹೋಗುವ ಯೋಚನೆಯನ್ನೇ ಮಾಡಲಿಲ್ಲ. ಇಳಿತದ ನೀರು ಅಲ್ಲಿ ಸಮುದ್ರಕ್ಕೆ ಎಳೆಯುತ್ತದೆ, ಮೀನುಗಾರಿಕೆಯ ದೊಡ್ಡ ಬೋಟುಗಳು ಓಡಾಡುತ್ತವೆ, ನಿಂತ ಬೋರ್ಡಿಗೆ ಅದು ಜಾಗವಲ್ಲ.

ಲೈಫ್ ಜಾಕೆಟ್ ಕಡ್ಡಾಯ. ನಮ್ಮನ್ನು ಬೋರ್ಡಿಗೆ ಕಟ್ಟುವ ಹಗ್ಗ, ಲೀಶ್, ಸೊಂಟದ ಬೆಲ್ಟಿಗೆ, ಎಳೆದರೆ ತಟ್ಟನೆ ಬಿಚ್ಚುವ ಮಾದರಿಯದು. ಸಮುದ್ರದ ಅಲೆಗೆ ಮಾಡಿದ ಕಾಲಿನ ಲೀಶನ್ನು ಹರಿಯುವ ಹೊಳೆಗೆ ತರಬಾರದು. ಸೇತುವೆಯ ಕಂಬಕ್ಕೋ ಬಲೆಯ ಗೂಟಕ್ಕೋ ಹಗ್ಗ ಸಿಕ್ಕಿ, ನೀರಿನ ಸೆಳೆತದಲ್ಲಿ ಮೈ ಒಂದು ಕಡೆ, ಬೋರ್ಡು ಇನ್ನೊಂದು ಕಡೆ ಆದರೆ ಬಗ್ಗಿ ಪಾದದ ಬಳಿಯ ಪಟ್ಟಿ ಬಿಚ್ಚಲು ಆಗುವುದೇ ಇಲ್ಲ. ಇದನ್ನು ಬೇರೆ ಯಾವುದಕ್ಕಿಂತಲೂ ಗಟ್ಟಿಯಾಗಿ ಹೇಳುತ್ತೇನೆ. ಹೆದ್ದಾರಿ 66ರ ಸೇತುವೆಗಳ ಕೆಳಗೆ ನೀರು ಕಿರಿದಾಗಿ ವೇಗ ಪಡೆಯುತ್ತದೆ, ಕಂಬಗಳಿಗೆ ಅಂಟಿರುವ ಸಿಂಪಿ ಚಿಪ್ಪಿನ ಅಂಚು ಬ್ಲೇಡಿನಷ್ಟು ಹರಿತ. ನಡುವಿನ ಕಣ್ಣಿನಲ್ಲಿ ಮಂಡಿಯೂರಿ ಕೂತು ದಾಟಿದೆ. ತಳದ ರೆಕ್ಕೆಯನ್ನೂ ಗಿಡ್ಡದ್ದು ಹಾಕಿಕೊಂಡಿದ್ದೆ. ಉದ್ದನೆಯದು ಇಳಿತದ ಹೊತ್ತಿನಲ್ಲಿ ಕೆಸರಿಗೆ ಕುತ್ತಿ ನಿಲ್ಲುತ್ತದೆ, ನಿಂತವರು ಮುಂದಕ್ಕೆ ಬೀಳುತ್ತಾರೆ.

ಗೊಂಬೆಯಾಟಕ್ಕೆ ಹೆಸರಾದ ಉಪ್ಪಿನಕುದ್ರುವಿನ ಬದಿಯಲ್ಲಿ ಕಾಂಡ್ಲಾ ಗಿಡಗಳ ನಡುವೆ ನೀರು ಕದಲದೆ ನಿಂತಿತ್ತು. ಹೊರೆ ಹೊತ್ತ ಬೋರ್ಡು ನೆಟ್ಟಗೆ ಹೋಗುತ್ತದೆ, ಖಾಲಿ ಬೋರ್ಡಿನಂತೆ ಪ್ರತಿ ಹುಟ್ಟಿಗೂ ಮೂತಿ ತಿರುಗಿಸುವುದಿಲ್ಲ. ನಿಲ್ಲಿಸಲು ಮಾತ್ರ ಮೊದಲೇ ಯೋಚಿಸಬೇಕು.

ತಂಗುವುದು

ಕುದ್ರುಗಳು, ಅಂದರೆ ಹೊಳೆಯ ನಡುವಿನ ದ್ವೀಪಗಳು, ಬಹುಪಾಲು ಯಾರದೋ ತೆಂಗಿನ ತೋಟ, ಯಾರದೋ ಗದ್ದೆ. ಕೇಳದೆ ಟೆಂಟು ಹೂಡುವ ಮಾತೇ ಇಲ್ಲ. ಪರಿಚಯದವರೊಬ್ಬರ ತೋಟದ ಅಂಚಿನಲ್ಲಿ ಒಪ್ಪಿಗೆ ಸಿಕ್ಕಿತು. ಮರಗಳ ನೆರಳು ನೋಡಿ ಅಲ್ಲೇ ಚೀಲ ಇಳಿಸುವಷ್ಟರಲ್ಲಿ ಮನೆಯ ಹಿರಿಯರು ಬಂದರು: ‘ಹ್ವಾಯ್, ಅಲ್ ಬ್ಯಾಡ ಮರ್ರೆ, ಕಾಯ್ ಬೀಳತ್ತ್.’ ಅವರೇ ಅಂಗಳದಾಚೆಯ ಬಯಲು ತೋರಿಸಿದರು. ಬೋರ್ಡನ್ನು ಬೆರಳಲ್ಲಿ ಬಡಿದು ನೋಡಿ, ‘ಇದ್ರ ಗಾಳಿ ಹೋರೆ ಎಂತ ಮಾಡ್ತ್ರಿ?’ ಎಂದು ಕೇಳಿದರು. ರಿಪೇರಿ ಡಬ್ಬಿ ಬಿಚ್ಚಿ ತೋರಿಸಿದೆ. ಅದರಲ್ಲಿ ವಾಲ್ವ್ ವ್ರೆಂಚ್, ಮೊದಲೇ ಕತ್ತರಿಸಿದ ತೇಪೆಗಳು, ಸಣ್ಣ ಅಂಟು, ಸ್ಯಾಂಡ್‌ಪೇಪರ್, ಗಟ್ಟಿ ಟೇಪು, ಇನ್ನೊಂದು ವಾಲ್ವು. ದೋಣಿಯ ಬಿರುಕಿಗೆ ತಾವು ಏನು ಮಾಡುತ್ತಿದ್ದೆವು ಎಂದು ಅವರು ಹೇಳತೊಡಗಿದರು, ಕತ್ತಲಾದದ್ದೇ ತಿಳಿಯಲಿಲ್ಲ.

ಜಾಗ ಆರಿಸುವಾಗ ದಡದ ಒಣ ಕಸದ ಗೆರೆ ನೋಡಬೇಕು. ಹಿಂದಿನ ಉಬ್ಬರ ಅಲ್ಲಿಯವರೆಗೆ ಬಂದಿತ್ತು, ಹುಣ್ಣಿಮೆ ಹತ್ತಿರವಿದ್ದರೆ ಇನ್ನೂ ಮೇಲೆ ಬರುತ್ತದೆ. ಬೋರ್ಡನ್ನು ಅದಕ್ಕಿಂತ ಚೆನ್ನಾಗಿ ಮೇಲಕ್ಕೆ ಎಳೆದು ಮರಕ್ಕೆ ಕಟ್ಟಿದೆ. ಹುಟ್ಟನ್ನು ಪೂರ್ತಿ ಉದ್ದಕ್ಕೆ ಎಳೆದು ನಿಲ್ಲಿಸಿದರೆ ಟಾರ್ಪಾಲಿನ್ನಿಗೆ ನಡುಗಂಬ. ಬೋರ್ಡು ಮಗುಚಿ ಹಾಕಿದರೆ ಊಟದ ಮಣೆ. ಸ್ಟವ್ ಮಾತ್ರ ಅದರಿಂದ ದೂರ. ಮಲಗಲೂ ಬೋರ್ಡನ್ನೇ ಬಳಸುತ್ತೇವೆ ಎನ್ನುವವರಿದ್ದಾರೆ. 81 ಸೆಂಟಿಮೀಟರ್ ಅಗಲ ಒಬ್ಬರಿಗೆ ಸಾಲುತ್ತದೆ, ನೆಲದ ತೇವವೂ ತಟ್ಟುವುದಿಲ್ಲ. ಆದರೆ ಗಾಳಿ ಇಳಿಸಿದರೂ ಗಟ್ಟಿಯೇ, ಮೇಲೆ ತೆಳ್ಳನೆಯ ಮ್ಯಾಟು ಬೇಕು.

ಮರುದಿನ ಹಗಲು ನೆನಪಿಡಬೇಕಾದದ್ದು ಬಿಸಿಲು. 30 ಡಿಗ್ರಿಯಲ್ಲಿ 15 ತುಂಬಿದ ಬೋರ್ಡು ಬಿಸಿಲಲ್ಲಿ 55ಕ್ಕೆ ಕಾದರೆ ಒಳಗಿನ ಒತ್ತಡ 17 ದಾಟುತ್ತದೆ, ಹೊಸ ತೇಪೆಯ ಅಂಟು ಬಿಸಿಗೆ ಮೆತ್ತಗಾಗಿರುವ ಹೊತ್ತಿನಲ್ಲೇ. ಊಟಕ್ಕೆ ದಡದಲ್ಲಿ ನಿಂತಾಗ ನೆರಳಿಗೆ ಎಳೆದು ಗಾಳಿಯನ್ನು ಹತ್ತಕ್ಕೆ ಇಳಿಸಿದೆ. ಇನ್ನೊಂದು ಕಡೆ, ಕಾದ ಮರಳಿನ ಮೇಲೆ 15 ತುಂಬಿ ನೀರಿಗಿಳಿಸಿದರೆ ಒಂದು ಪಿಎಸ್‌ಐಯಷ್ಟು ಇಳಿಯುತ್ತದೆ. ಅದು ಸೋರಿಕೆ ಅಲ್ಲ. ನೀರಿನಲ್ಲಿ ತಂಪಾದ ಮೇಲೆ ಗೇಜು ನೋಡಿ ಬೇಕಿದ್ದರೆ ಇನ್ನೊಂದಿಷ್ಟು ಬಾರಿ ಪಂಪು ಒತ್ತಿದರಾಯಿತು.

ವಾಪಸ್ ಬಂದ ಮೇಲೆ

ಹೆಮ್ಮಾಡಿಯ ಬಾವಿಕಟ್ಟೆಯಲ್ಲೇ ಬೋರ್ಡು, ಬಕಲ್ಲು, ರೆಕ್ಕೆಯ ಕಾಲುವೆ ಎಲ್ಲವನ್ನೂ ಸಿಹಿನೀರಲ್ಲಿ ತೊಳೆದೆ. ಉಪ್ಪು ಒಣಗಿ ಹರಳಾದರೆ ಸುರುಳಿಯೊಳಗೆ ಪಿವಿಸಿಯನ್ನು ಉಜ್ಜುತ್ತದೆ. ಬೆಂಗಳೂರಿಗೆ ಬಂದು ಪೂರ್ತಿ ಬಿಚ್ಚಿ ಒಣಗಿಸಿ, ಬೆಳಿಗ್ಗೆಯಿಂದ ಬೆಳಿಗ್ಗೆಗೆ ಅಳೆದೆ: ಗೇಜಿನ ಮುಳ್ಳು ಕದಲಿದ್ದು ಕಾಣಲಿಲ್ಲ. ಅಂಚಿನ ತೇಪೆಯ ಸುತ್ತ ಸೋಪು ನೀರಿಗೂ ಗುಳ್ಳೆ ಇಲ್ಲ. ಹೊಸ ಕೊಂಡಿಗಳಲ್ಲಿ ಹಿಂಬದಿಯ ಎಡಗಡೆಯದ್ದರ ಬಿಲ್ಲೆಯ ಅಂಚು ಉಗುರು ತೂರುವಷ್ಟು ಎದ್ದಿದೆ. ಪಂಪಿನ ಚೀಲ ಎತ್ತರವಾದ್ದರಿಂದ ಆ ಪಟ್ಟಿಗೆ ಮೇಲ್ಮುಖದ ಎಳೆತ ಬಿದ್ದಿತ್ತು. ಅದನ್ನು ಬಿಡಿಸಿ, ಇನ್ನಷ್ಟು ಅಂಚಿನ ಕಡೆಗೆ ಸರಿಸಿ ಹೊಸದಾಗಿ ಅಂಟಿಸಬೇಕು. ಪಂಪನ್ನು ನಿಲ್ಲಿಸದೆ ಅಡ್ಡ ಮಲಗಿಸುವಂತೆ ಚೀಲವನ್ನೂ ಬದಲಿಸುತ್ತೇನೆ. ಮಳೆ ಶುರುವಾದರೆ ಇಲ್ಲೂ ಹವೆ ತೇವವಾಗುತ್ತದೆ, ಆದ್ದರಿಂದ ಮಾರ್ಚ್ ಮುಗಿಯುವುದರೊಳಗೆ ಆ ಕೆಲಸ ಆಗಬೇಕು.